ಆಟದ ಅವಧಿ ಯಾರಿಗಾಗಿ?

ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡಿಕೊಳ್ಳುತ್ತದೆ. ಭೀಮೆಯು ಅಲ್ಲಿಂದ ಮುಂದೆ ಜೇವರ್ಗಿಯ ಕಡೆಗೆ ಸಾಗುತ್ತದೆ. ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳೂ ಎರೆಭೂಮಿಯ ನಾಡು. ಜೋಳ ತೊಗರಿಗಳ ನಾಡು. ಈ ಸೀಮೆಯ ಜಾತ್ರೆಗಳಲ್ಲಿ ಕುಸ್ತಿಯ ಕಣ ಸಿದ್ಧವಾಗುವುದೂ, ನಾಗರಪಂಚಮಿಗೆ ಮರಗಳಲ್ಲಿ ಜೋಕಾಲಿ ತೂಗುವುದೂ ಹಿಂದಿನಿಂದ ಬಂದ ವಾಡಿಕೆ. ಇಂಥ ನಾಡಿನ ಶಾಲೆಗಳಲ್ಲಿ ಶರೀರ ಶಿಕ್ಷಣದ ಮಾತೆತ್ತುವುದು ನೀರಿನಲ್ಲಿರುವ ಮೀನಿಗೆ ಈಜು ಕಲಿಸಿದಂತೆ ಎಂದು ಕೆಲವರಿಗೆ ತೋರಬಹುದು. “ಹೊಲದಲ್ಲಿ ದುಡಿಯುವವರ ಮಕ್ಕಳಿಗೆ ವ್ಯಾಯಾಮವೇಕೆ? ಅವರಿಗೆ ಬೇಕಾದುದು ಅಕ್ಷರ” ಎಂಬ ಮಾತನ್ನು ಓದುಬಲ್ಲವರ ಬಾಯಿಂದಲೇ ಕೇಳುತ್ತೇವೆ. ಈ ಮಾತು ಮೇಲುನೋಟಕ್ಕೆ ಸರಿಯೆನಿಸಿದರೂ ಒಳಗೆ ಟೊಳ್ಳಾದುದು ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. 2025ರ ಎಸ್.ಎಸ್.ಎಲ್.ಸಿ. ಪರೀಕ್ಷೆ-1ರ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯು ಶೇಕಡ 91.12 ಪಡೆದು ಮೊದಲನೆಯದಾದರೆ, ಕಲಬುರಗಿ ಜಿಲ್ಲೆಯು ಶೇಕಡ 42.43 ಪಡೆದು ಕಡೆಯದಾಯಿತು. ನೂರು ಮಂದಿ ಪರೀಕ್ಷೆಗೆ ಕುಳಿತರೆ ಐವತ್ತೇಳು ಮಂದಿ ತೇರ್ಗಡೆಯಾಗದೆ ಮನೆಗೆ ಹಿಂದಿರುಗಿದರು ಎಂದು ಇದರ ಅರ್ಥ. ಇದು ಯಾರಿಗೂ ನೆಮ್ಮದಿ ಕೊಡುವ ಸಂಗತಿಯಲ್ಲ. ಇಂಥ ಫಲಿತಾಂಶ ಬಂದಾಗಲೆಲ್ಲ ಶಾಲೆಗಳಿಗೆ ಹೊಳೆಯುವ ಮೊದಲ ಉಪಾಯವೆಂದರೆ ವಿಶೇಷ ತರಗತಿ. ವಿಶೇಷ ತರಗತಿಗೆ ವೇಳೆ ಎಲ್ಲಿಂದ ತರಬೇಕು? ವೇಳಾಪಟ್ಟಿಯಲ್ಲಿ ಯಾರೂ ಕಾವಲಿಲ್ಲದ ಅವಧಿ ಒಂದೇ ಒಂದು. ಅದು ಆಟದ ಅವಧಿ. ಗಣಿತವು ಅದನ್ನು ಸೋಮವಾರ ತೆಗೆದುಕೊಳ್ಳುತ್ತದೆ. ಇಂಗ್ಲಿಷು ಬುಧವಾರ ತೆಗೆದುಕೊಳ್ಳುತ್ತದೆ. ಹತ್ತನೆಯ ತರಗತಿಯ ದ್ವಿತೀಯಾರ್ಧದಲ್ಲಿ ಆ ಅವಧಿಯು ಕೇವಲ ಕಾಗದದ ಮೇಲೆ ಉಳಿಯುವುದು ಅನೇಕ ವಿದ್ಯಾರ್ಥಿಗಳಿಗೆ ಅನುಭವವೇದ್ಯವಾದ ವಿಷಯ.

ಈ ಉಪಾಯದ ಹಿಂದೆ ಒಂದು ಊಹೆ ಅಡಗಿದೆ. ದೇಹಕ್ಕೆ ಕೊಟ್ಟ ವೇಳೆ ಬುದ್ಧಿಗೆ ನಷ್ಟ ಎಂಬುದೇ ಆ ಊಹೆ. ವಿಜ್ಞಾನವು ಊಹೆಯನ್ನು ಪ್ರಯೋಗದ ಒರೆಗಲ್ಲಿಗೆ ಹಚ್ಚಿ ನೋಡುತ್ತದೆ. ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ತ್ರೋಆ ರಿವ್ಯೇರ್ ಎಂಬಲ್ಲಿ 1970ರಿಂದ 1977ರವರೆಗೆ ಇಂಥದೊಂದು ಪ್ರಯೋಗ ನಡೆಯಿತು. 546 ಪ್ರಾಥಮಿಕ ಶಾಲಾ ಮಕ್ಕಳು ಅದರಲ್ಲಿ ಪಾಲುಗೊಂಡಿದ್ದರು. ಒಂದು ಗುಂಪಿಗೆ ಪ್ರತಿದಿನವೂ ಒಂದು ಗಂಟೆ ಹೆಚ್ಚಿನ ಶರೀರ ಶಿಕ್ಷಣ ದೊರೆಯಿತು. ಆ ವೇಳೆಯನ್ನು ಇತರ ಪಾಠಗಳಿಂದ ಕಡಿತ ಮಾಡಲಾಯಿತು. ಪಾಠದ ವೇಳೆ ಶೇಕಡ 13ರಿಂದ 14ರಷ್ಟು ಕಡಿಮೆಯಾದರೂ ಆ ಮಕ್ಕಳು ಓದಿನಲ್ಲಿ ಹಿಂದೆ ಬೀಳಲಿಲ್ಲ. ಮುಂದೆ 2010ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಇಂಥ 50 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿತು. ಶಾಲೆಯ ದೈಹಿಕ ಚಟುವಟಿಕೆಗೂ ಕಲಿಕೆಗೂ ಇರುವ 251 ಸಂಬಂಧಗಳನ್ನು ಅಳೆದು ನೋಡಿದಾಗ ಸುಮಾರು ಅರ್ಧದಷ್ಟರಲ್ಲಿ ಚಟುವಟಿಕೆಯಿಂದ ಕಲಿಕೆಗೆ ಲಾಭವೇ ಕಂಡಿತು. ಮಿಕ್ಕವುಗಳಲ್ಲಿ ಬಹುಪಾಲು ಲಾಭವೂ ಇಲ್ಲ, ನಷ್ಟವೂ ಇಲ್ಲ. ಹಾನಿ ತೋರಿದುದು ನೂರಕ್ಕೆ ಎರಡಕ್ಕಿಂತಲೂ ಕಡಿಮೆ. ಹೀಗಿರುವಾಗ ಆಟವನ್ನು ಕಸಿದು ಅಂಕವನ್ನು ಗಳಿಸುವೆವೆಂಬ ಲೆಕ್ಕಾಚಾರಕ್ಕೆ ಆಧಾರವಾದರೂ ಎಲ್ಲಿದೆ?

ಆದರೆ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಅಂಕಗಳದ್ದಲ್ಲ. ಆಟದ ಅವಧಿಯನ್ನು ಉಳಿಸಿಕೊಂಡ ಶಾಲೆಗಳಲ್ಲಿಯೂ ಅದು ಯಾರಿಗೆ ಸಲ್ಲುತ್ತಿದೆ ಎಂಬುದನ್ನು ನಾವು ಕೇಳಿಕೊಳ್ಳಬೇಕು. ಅರುವತ್ತು ಮಕ್ಕಳ ತರಗತಿಗೆ ಒಂದು ಬ್ಯಾಟು, ಒಂದು ಚೆಂಡು ಕೊಟ್ಟರೆ ಆಡುವವರು ಕೆಲವರು, ನಿಲ್ಲುವವರು ಹಲವರು, ನೋಡುವವರು ಮಿಕ್ಕವರೆಲ್ಲ. ತಾಲ್ಲೂಕು ಮಟ್ಟದ ಕ್ರೀಡಾಕೂಟ ಹತ್ತಿರ ಬಂದಾಗಲಂತೂ ಹತ್ತು ಹದಿನೈದು ಮಂದಿ ಗಟ್ಟಿಗರನ್ನು ಆಯ್ದು ತಯಾರು ಮಾಡುವುದರಲ್ಲಿಯೇ ಇಡೀ ಶಾಲೆಯ ಶರೀರ ಶಿಕ್ಷಣ ಮುಗಿದುಹೋಗುತ್ತದೆ. ಮುಖ್ಯೋಪಾಧ್ಯಾಯರ ಕೋಣೆಯ ಬೀರುವಿನಲ್ಲಿ ಒಂದೆರಡು ಕಪ್ಪುಗಳು ಹೊಳೆಯುತ್ತವೆ. ಗೆದ್ದವರನ್ನು ಹೊಗಳೋಣ, ತಪ್ಪಿಲ್ಲ. ಆದರೆ ಗಣಿತದ ಮಾಸ್ತರರು ತರಗತಿಯ ಐದು ಮಂದಿ ಜಾಣರಿಗೆ ಮಾತ್ರ ಲೆಕ್ಕ ಹೇಳಿಕೊಟ್ಟು ಉಳಿದವರನ್ನು ಗೋಡೆಯ ಬಳಿ ಕೂಡಿಸಿದರೆ ನಾವು ಒಪ್ಪುತ್ತೇವೆಯೆ? ಮೈದಾನದಲ್ಲಿ ಮಾತ್ರ ಅದೇ ನಡೆವಳಿಕೆಯನ್ನು ಸಹಜವೆಂದು ಹೇಗೆ ಒಪ್ಪಿಕೊಂಡೆವು?

ಮೈದಾನದ ಅಂಚಿನಲ್ಲಿ ಬೇವಿನ ನೆರಳಿಗೆ ಕುಳಿತಿರುವ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಎರಡು ಸುತ್ತು ಓಡುವಷ್ಟರಲ್ಲಿ ಅವಳಿಗೆ ಏದುಸಿರು ಬರುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ. ಗೆಳತಿಯರು ಅವಳನ್ನು ಮೈಗಳ್ಳಿಯೆನ್ನುತ್ತಾರೆ. ಕೊನೆಗೆ ಅವಳೂ ಅದನ್ನೇ ನಂಬುತ್ತಾಳೆ. ಈಗ ಅವಳ ರಕ್ತದ ಲೆಕ್ಕವನ್ನು ನೋಡೋಣ. ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ವಸ್ತು ಹಿಮೋಗ್ಲೋಬಿನ್. ಒಂದು ಗ್ರಾಮ್ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹಿಡಿದುಕೊಳ್ಳಬಲ್ಲದು. ಹನ್ನೆರಡು ವರ್ಷ ದಾಟಿದ ಹುಡುಗಿಯ 100 ಮಿಲಿಲೀಟರ್ ರಕ್ತದಲ್ಲಿ ಕನಿಷ್ಠ 12 ಗ್ರಾಮ್ ಹಿಮೋಗ್ಲೋಬಿನ್ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಅಷ್ಟಿದ್ದರೆ ಆ ರಕ್ತವು ಸುಮಾರು 16 ಮಿಲಿಲೀಟರ್ ಆಮ್ಲಜನಕವನ್ನು ಹೊರುತ್ತದೆ. ಅದು 9 ಗ್ರಾಮಿಗೆ ಇಳಿದರೆ ಹೊರೆಯು 12 ಮಿಲಿಲೀಟರಿಗೆ ಇಳಿಯುತ್ತದೆ. ಅಂದರೆ ಮುಕ್ಕಾಲು ಪಾಲು ಮಾತ್ರ. ಸ್ನಾಯುಗಳ ಬೇಡಿಕೆಯೇನೋ ಕಡಿಮೆಯಾಗದು. ಕೊರತೆಯನ್ನು ತುಂಬಲು ಹೃದಯವು ಹೆಚ್ಚು ಸಲ ಬಡಿಯಬೇಕು, ಉಸಿರು ಹೆಚ್ಚು ವೇಗವಾಗಿ ಸಾಗಬೇಕು. ಅವಳು ಸೋಮಾರಿಯಲ್ಲ; ಉಳಿದವರು ಬರಿಗೈಯಲ್ಲಿ ಓಡುವಾಗ ಅವಳು ಹೊರೆ ಹೊತ್ತು ಓಡುತ್ತಿದ್ದಾಳೆ.

ಇದು ಅಪರೂಪದ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡ 59.1ರಷ್ಟು ಮಂದಿಗೆ ರಕ್ತಹೀನತೆಯಿದೆ. ತರಗತಿಯ ಬೆಂಚಿನ ಮೇಲೆ ಈ ಕೊರತೆ ಕಣ್ಣಿಗೆ ಬೀಳುವುದಿಲ್ಲ. ತೂಕಡಿಕೆಯೆಂದೋ ಮಂಕುತನವೆಂದೋ ಅದಕ್ಕೆ ಹೆಸರಿಡುತ್ತೇವೆ. ಮೈದಾನದಲ್ಲಿ ಅದು ಅಡಗಿರಲಾರದು. ಆದುದರಿಂದ ಕಣ್ಣುಳ್ಳ ಶಿಕ್ಷಕರಿಗೆ ಆಟದ ಅವಧಿಯೆಂಬುದು ಇಡೀ ತರಗತಿಯ ಆರೋಗ್ಯ ತಪಾಸಣೆ. ಯಾರು ಬೇಗ ದಣಿಯುತ್ತಾರೆ, ಯಾರಿಗೆ ಉಬ್ಬಸ ಬರುತ್ತದೆ, ಯಾರಿಗೆ ದೂರದ ಚೆಂಡು ಕಾಣುವುದಿಲ್ಲ, ಯಾರು ಬೆಳಗಿನ ಉಪಾಹಾರವಿಲ್ಲದೆ ಬಂದಿದ್ದಾರೆ ಎಂಬುದೆಲ್ಲ ಅರ್ಧ ಗಂಟೆಯಲ್ಲಿ ತಿಳಿದುಬರುತ್ತದೆ. ಬೇವಿನ ನೆರಳಿನಲ್ಲಿ ಕುಳಿತ ಹುಡುಗಿಯನ್ನು ಗದರಿಸಿ ಓಡಿಸುವುದೂ ತಪ್ಪು, ಹಾಗೆಯೇ ಕೂಡಲು ಬಿಡುವುದೂ ತಪ್ಪು. ಅವಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ ರಕ್ತಪರೀಕ್ಷೆ ಮಾಡಿಸುವುದು ಸರಿಯಾದ ಮಾರ್ಗ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆ ಏಳುತ್ತದೆ: ಹೊಟ್ಟೆಗಿಲ್ಲದ ಮಗುವಿಗೆ ಕವಾಯತು ಮಾಡಿಸುವುದು ಕ್ರೌರ್ಯವಲ್ಲವೆ? ನಿಶ್ಚಯವಾಗಿಯೂ ಕ್ರೌರ್ಯವೇ. ಅದಕ್ಕಾಗಿಯೇ ಆಟ ಮತ್ತು ಊಟ ಒಂದೇ ನೊಗದ ಎರಡು ಎತ್ತುಗಳಾಗಬೇಕು. ಈ ದಿಸೆಯಲ್ಲಿ ನಮ್ಮ ಭಾಗಕ್ಕೆ ಒಳ್ಳೆಯ ತಳಹದಿ ಈಗಾಗಲೇ ಬಿದ್ದಿದೆ. ಶಾಲೆಯಲ್ಲಿ ಬಿಸಿಯೂಟ ನೀಡುವ ಅಕ್ಷರ ದಾಸೋಹವು 2002ರಲ್ಲಿ ಮೊದಲು ಆರಂಭವಾದದ್ದು ರಾಜ್ಯದ ಈಶಾನ್ಯ ಭಾಗದ ಜಿಲ್ಲೆಗಳಲ್ಲಿಯೇ. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಬಂದಿತು. ಮಕ್ಕಳ ಅಪೌಷ್ಟಿಕತೆಯನ್ನು ಗಮನಿಸಿ 2021ರ ಡಿಸೆಂಬರಿನಲ್ಲಿ ಕಲಬುರಗಿಯೂ ಸೇರಿದಂತೆ ಕೆಲವು ಜಿಲ್ಲೆಗಳಲ್ಲಿ ಬಿಸಿಯೂಟದೊಡನೆ ಮೊಟ್ಟೆಯನ್ನೂ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣನ್ನೂ ಕೊಡಲು ತೊಡಗಿದರು. ಮುಂದಿನ ವರ್ಷ ಅದು ರಾಜ್ಯಕ್ಕೆಲ್ಲ ಹಬ್ಬಿತು. ವಾರಕ್ಕೊಮ್ಮೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ನೀಲಿ ಗುಳಿಗೆ, ಜಂತುಹುಳುವಿಗೆ ಆಲ್ಬೆಂಡಜೋಲ್ ಗುಳಿಗೆ ಶಾಲೆಯಲ್ಲಿಯೇ ದೊರೆಯುತ್ತವೆ. ಕಬ್ಬಿಣದ ಗುಳಿಗೆ ನುಂಗಿದವರಿಗೆ ಮಲವು ಕಪ್ಪಾಗುವುದು ಸಹಜ. ಕೆಲವರಿಗೆ ತುಸು ಓಕರಿಕೆಯೂ ಬರಬಹುದು. ಊಟವಾದ ಮೇಲೆ ತೆಗೆದುಕೊಂಡರೆ ಇದು ಕಡಿಮೆಯಾಗುತ್ತದೆ. ಇಷ್ಟನ್ನು ಮೊದಲೇ ತಿಳಿಸಿ ಹೇಳದಿದ್ದರೆ ಗುಳಿಗೆಗಳು ಹೊಟ್ಟೆಗೆ ಹೋಗುವ ಬದಲು ಕಿಟಕಿಯಾಚೆಗೆ ಹೋಗುತ್ತವೆ.

ನಮ್ಮ ತಟ್ಟೆಯ ವಿಷಯವೂ ವಿಚಾರಾರ್ಹ. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಚಟ್ನಿ ಇವು ಬಡವರ ಊಟವೆಂದು ನಾಚಿಕೊಳ್ಳಬೇಕಾದವುಗಳಲ್ಲ. ಜೋಳದಲ್ಲಿ ಕಬ್ಬಿಣವಿದೆ. ಆದರೆ ಕಾಳುಗಳಲ್ಲಿರುವ ಫೈಟೇಟ್ ಎಂಬ ವಸ್ತುವು ಆ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಊಟದೊಡನೆ ನಿಂಬೆಹುಳಿಯನ್ನೋ ಪೇರಲಹಣ್ಣನ್ನೋ ಸೇವಿಸಿದರೆ ಅವುಗಳಲ್ಲಿರುವ ಸಿ ಜೀವಸತ್ತ್ವವು ಕಬ್ಬಿಣ ಹೀರಿಕೆಯಾಗುವುದಕ್ಕೆ ನೆರವಾಗುತ್ತದೆ. ಊಟದ ಬೆನ್ನಿಗೇ ಕುಡಿಯುವ ಚಹಾ ಇದಕ್ಕೆ ವಿರುದ್ಧವಾದ ಕೆಲಸ ಮಾಡುತ್ತದೆ. ಅರ್ಧ ನಿಂಬೆಹಣ್ಣಿಗೆ ದೊಡ್ಡ ಖರ್ಚಿಲ್ಲ, ಬೇಕಾದುದು ತಿಳಿವಳಿಕೆ. ಶರೀರ ಶಿಕ್ಷಣವೆಂದರೆ ಇದನ್ನು ಕಲಿಸುವುದೂ ಹೌದು.

ಇನ್ನು ಹೊಲದ ದುಡಿಮೆಯ ಮಾತಿಗೆ ಬರೋಣ. ದುಡಿಮೆ ಗೌರವಾರ್ಹವಾದುದು, ಆದರೆ ದುಡಿಮೆಯೇ ವ್ಯಾಯಾಮವಲ್ಲ. ದುಡಿಮೆಯಲ್ಲಿ ದೇಹವು ಬೆಳೆಯ ಅಗತ್ಯಕ್ಕೆ ಬಾಗುತ್ತದೆ. ತೊಗರಿಯ ರಾಶಿಯ ದಿನಗಳಲ್ಲಿ ಇಡೀ ದಿನ ಒಂದೇ ಭಂಗಿಯಲ್ಲಿ ಬಗ್ಗಿ ಕೆಲಸ ಮಾಡಿದ ಬಾಲಕನ ಸೊಂಟ ದಣಿಯುತ್ತದೆ. ಅವನ ಎದೆ, ಭುಜ, ಶ್ವಾಸಕೋಶಗಳಿಗೆ ಸಮನಾದ ಸಾಧನೆ ದೊರೆಯುವುದಿಲ್ಲ. ವ್ಯಾಯಾಮದಲ್ಲಿ ಕೆಲಸವು ದೇಹದ ಅಗತ್ಯಕ್ಕೆ ಬಾಗುತ್ತದೆ. ಮೇಲಾಗಿ ಈ ಸೀಮೆಯ ಎಲ್ಲ ಮಕ್ಕಳೂ ಹೊಲದಲ್ಲಿಯೇ ಉಳಿಯುವವರಲ್ಲ. ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಕೆಲಸ ಹುಡುಕಿ ಹೋಗುವವರು ಬಹಳ ಮಂದಿ. ಅವರಲ್ಲಿ ಹಲವರು ಗಾಡಿಯ ಚಕ್ರದ ಮುಂದೆಯೋ ಕಚೇರಿಯ ಮೇಜಿನ ಮುಂದೆಯೋ ದಿನವಿಡೀ ಕೂಡುತ್ತಾರೆ. ಜೆರೆಮಿ ಮಾರಿಸ್ ಎಂಬ ಬ್ರಿಟಿಷ್ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಪರೀಕ್ಷಿಸಿ 1953ರಲ್ಲಿ ಪ್ರಕಟಿಸಿದ ಸಂಶೋಧನೆ ಪ್ರಸಿದ್ಧವಾದುದು. ಕುಳಿತೇ ಇರುವ ಚಾಲಕರಿಗಿಂತ ದಿನವೆಲ್ಲ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಿಗೆ ಹೃದ್ರೋಗ ಕಡಿಮೆಯಿದ್ದುದನ್ನು ಅವರು ಕಂಡರು. ಇಂದು ಭಾರತದಲ್ಲಿ ಸುಮಾರು 10 ಕೋಟಿ ಮಂದಿಗೆ ಮಧುಮೇಹವಿದೆಯೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು ತಿಳಿಸುತ್ತದೆ. ಹೊಲವನ್ನು ಬಿಟ್ಟುಹೋಗುವ ಯುವಕನು ತನ್ನೊಡನೆ ಒಯ್ಯಬಹುದಾದ ಆಸ್ತಿಯೆಂದರೆ ಶಾಲೆಯಲ್ಲಿ ಮೈಗೂಡಿದ ಚಟುವಟಿಕೆಯ ಅಭ್ಯಾಸವೇ ಹೊರತು ತಂದೆಯ ದುಡಿಮೆಯಲ್ಲ.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಹುರುಪಿನ ಚಟುವಟಿಕೆ ಅವಶ್ಯಕವೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. 146 ದೇಶಗಳ 16 ಲಕ್ಷ ವಿದ್ಯಾರ್ಥಿಗಳ ವಿವರಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹದಿಹರೆಯದ ಹುಡುಗಿಯರಲ್ಲಿ ಶೇಕಡ 85, ಹುಡುಗರಲ್ಲಿ ಶೇಕಡ 78ರಷ್ಟು ಮಂದಿ ಈ ಅಳತೆಯನ್ನು ಮುಟ್ಟುತ್ತಿಲ್ಲವೆಂದು ಕಂಡಿತು. ಹುಡುಗಿಯರು ಹಿಂದುಳಿಯುವುದಕ್ಕೆ ನಮ್ಮಲ್ಲಿ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ನೀರಿಲ್ಲದ ಶೌಚಾಲಯ, ಎಲ್ಲರ ಕಣ್ಣಿಗೆ ಬೀಳುವ ಮೈದಾನ, “ದೊಡ್ಡವಳಾದಳು, ಇನ್ನೇನು ಆಟ?” ಎಂಬ ಮನೆಯ ಮಾತು ಇಷ್ಟು ಸಾಕು. ಆದರೆ ಪಂಚಮಿಯ ಜೋಕಾಲಿಯನ್ನು ಮುಗಿಲೆತ್ತರಕ್ಕೆ ಜೀಕುವ ಹುಡುಗಿಗೆ ಊರಾರೂ ಬೇಡವೆನ್ನುವುದಿಲ್ಲ. ಒಂದು ಹಬ್ಬದ ದಿನ ಸಲ್ಲುವ ಸ್ವಾತಂತ್ರ್ಯವು ಶಾಲೆಯ ಅಂಗಳದಲ್ಲಿ ವರ್ಷವಿಡೀ ಸಲ್ಲಲಿ ಎಂದರೆ ಅದು ಅತಿಯಾದ ಬೇಡಿಕೆಯೆ?

ಆಟಕ್ಕೆ ಯಾವ ಹೊತ್ತು ತಕ್ಕುದು ಎಂಬುದನ್ನು ಇಲ್ಲಿಯ ಬಿಸಿಲೇ ನಿರ್ಧರಿಸಬೇಕು. ಬೇಸಗೆಯಲ್ಲಿ ಈ ಭಾಗದ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ದೇಹವು ತನ್ನ ಶಾಖವನ್ನು ಕಳೆದುಕೊಳ್ಳಲು ಆಗ ಉಳಿಯುವ ದಾರಿ ಬೆವರು ಒಂದೇ. ಒಂದು ಲೀಟರ್ ಬೆವರು ಪೂರ್ತಿಯಾಗಿ ಆರಿಹೋದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ತನ್ನೊಡನೆ ಒಯ್ಯುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಮೈಮೇಲೆ ಇಳಿಯುವುದು ಕಾಣುತ್ತದೆ. ನಮ್ಮ ಒಣಗಾಳಿಯಲ್ಲಿ ಅದು ಕಾಣುವ ಮೊದಲೇ ಆರಿಹೋಗುತ್ತದೆ. ಮೈ ಒದ್ದೆಯಾಗದ ಕಾರಣ ನೀರು ನಷ್ಟವಾಗಿಲ್ಲವೆಂದು ಮಗು ಮೋಸಹೋಗುತ್ತದೆ. ಬೇಸಗೆಯ ತಿಂಗಳುಗಳಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ ಹೊತ್ತಿಗೆ ಬದಲಿಸುವ ಪದ್ಧತಿ ಬಂದಿದೆ. ನೆರಳಿನಲ್ಲಿ ಕೂಡುವ ಗುಮಾಸ್ತರಿಗೆ ಸಲ್ಲುವ ಈ ವಿವೇಕವು ಬಿಸಿಲಿನಲ್ಲಿ ಓಡುವ ಬಾಲಕರಿಗೆ ಸಲ್ಲಬಾರದೆ? ಆಟವು ದಿನದ ಕೊನೆಯ ಅವಧಿಯಿಂದ ಬೆಳಗಿನ ಮೊದಲ ಅವಧಿಗೆ ಬರಬೇಕು. ಆಟದ ಮುಂಚೆ, ನಡುವೆ, ಆಮೇಲೆ ಕುಡಿಯುವ ನೀರು ಕೈಗೆಟಕುವಂತಿರಬೇಕು.

ಕಲಿಸುವವರು ಯಾರು ಎಂಬ ಪ್ರಶ್ನೆ ಉಳಿಯಿತು. 2009ರ ಶಿಕ್ಷಣ ಹಕ್ಕು ಕಾಯಿದೆಯು ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆಂದು ವಿಧಿಸುತ್ತದೆ. ಆದರೆ ಆರೋಗ್ಯ ಮತ್ತು ಶರೀರ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಅದು ವಿಧಿಸುವುದು ಆರರಿಂದ ಎಂಟನೆಯ ತರಗತಿಗಳಿಗೆ ಮಾತ್ರ, ಅದೂ ಮಕ್ಕಳ ಸಂಖ್ಯೆ ನೂರನ್ನು ಮೀರಿದಾಗ. ನೂರಕ್ಕಿಂತ ಕಡಿಮೆ ಮಕ್ಕಳಿರುವ ಸಣ್ಣ ಹಳ್ಳಿಯ ಶಾಲೆಯ ಗತಿಯೇನು? ಸಂವಿಧಾನದ 371(ಜೆ) ವಿಧಿಯ ಆಧಾರದ ಮೇಲೆ ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯಿದೆ. ಗೋಡೆಗಳಿಗೆ ಹಣ ದೊರೆಯುವಾಗ ಅಂಗಳಕ್ಕೂ ದೊರೆಯಬೇಕು. ನಾಲ್ಕೈದು ಸಣ್ಣ ಶಾಲೆಗಳಿಗೆ ಸೇರಿ ಒಬ್ಬ ಶರೀರ ಶಿಕ್ಷಕರನ್ನು ನೇಮಿಸುವುದು, ಉಳಿದ ದಿನಗಳಲ್ಲಿ ಆಟ ನಡೆಸುವಂತೆ ತರಗತಿಯ ಶಿಕ್ಷಕರಿಗೇ ತರಬೇತಿ ಕೊಡುವುದು ಅಸಾಧ್ಯವೇನಲ್ಲ. ಸಲಕರಣೆಯ ಕೊರತೆಯೂ ನೆಪವಾಗಬಾರದು. ಖೋಖೋ ಆಟಕ್ಕೆ ಎರಡು ಕಂಬ ಸಾಕು. ಕಬಡ್ಡಿಗೆ ಒಂದಿಷ್ಟು ಮೆತ್ತನೆಯ ಮಣ್ಣು, ಲಗೋರಿಗೆ ಏಳು ಹಂಚಿನ ಚೂರು. ನಿಯಮ ಒಂದೇ ಇರಲಿ: ಆ ಅವಧಿಯಲ್ಲಿ ಯಾರೂ ಪ್ರೇಕ್ಷಕರಲ್ಲ.

ವಿದ್ಯಾರ್ಥಿ ಮಿತ್ರರೇ, ಸರ್ಕಾರವು ಮಾಡಬೇಕಾದುದನ್ನು ಹೇಳಿದ್ದಾಯಿತು. ನೀವೇ ಮಾಡಬಹುದಾದ ಒಂದು ಪ್ರಯೋಗವಿದೆ. 1943ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಬ್ರೂಹಾ ಎಂಬ ವಿಜ್ಞಾನಿಯೂ ಸಂಗಡಿಗರೂ ರೂಪಿಸಿದ ಮೆಟ್ಟಿಲು ಪರೀಕ್ಷೆಯ ಸುಲಭ ರೂಪವಿದು. ಐದು ನಿಮಿಷ ಸುಮ್ಮನೆ ಕುಳಿತು ನಿಮ್ಮ ನಾಡಿಯ ಬಡಿತವನ್ನು ಒಂದು ನಿಮಿಷ ಎಣಿಸಿ ಬರೆದಿಡಿ. ಬಳಿಕ ಸುಮಾರು ಒಂದಡಿ ಎತ್ತರದ ಮೆಟ್ಟಿಲನ್ನು ನಿಮಿಷಕ್ಕೆ 24 ಸಲದಂತೆ ಮೂರು ನಿಮಿಷ ಹತ್ತಿ ಇಳಿಯಿರಿ. ಕೂಡಲೆ ಕುಳಿತು ಮತ್ತೆ ಎಣಿಸಿ. ನಾಡಿಯು ಮೊದಲಿನ ಸ್ಥಿತಿಗೆ ಬರಲು ಎಷ್ಟು ನಿಮಿಷ ಹಿಡಿಯಿತೆಂಬುದನ್ನು ಗುರುತಿಸಿಕೊಳ್ಳಿ. ಜ್ವರ ಬಂದವರೂ ಎದೆಯ ತೊಂದರೆಯಿರುವವರೂ ಇದನ್ನು ಮಾಡಕೂಡದು. ನಡುವೆ ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ ಶಿಕ್ಷಕರಿಗೆ ತಿಳಿಸಬೇಕು. ಎರಡು ತಿಂಗಳು ದಿನವೂ ತಪ್ಪದೆ ಆಡಿ ಪುನಃ ಪರೀಕ್ಷಿಸಿ. ಸಾಧನೆ ಪಡೆದ ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕುತ್ತದೆ. ಆದುದರಿಂದ ನಾಡಿ ಬೇಗ ಶಾಂತವಾಗುತ್ತದೆ. ಇದರಲ್ಲಿ ಬೇರೆಯವರನ್ನು ಸೋಲಿಸುವ ಮಾತಿಲ್ಲ. ನಿಮ್ಮ ಇಂದಿನ ನಾಡಿಗೆ ನಿಮ್ಮ ನಿನ್ನೆಯ ನಾಡಿಯೊಡನೆಯೇ ಪಂದ್ಯ.

ಶರೀರ ಶಿಕ್ಷಣವನ್ನು ಅಳೆಯಬೇಕಾದುದು ಈ ಅಳತೆಗೋಲಿನಿಂದಲೇ. ಶಾಲೆಯ ಅತ್ಯಂತ ಬಲಿಷ್ಠ ಹುಡುಗನು ಎಷ್ಟು ದೂರ ಗುಂಡು ಎಸೆದನೆಂಬುದು ಬೀರುವಿಗೆ ಸಂಬಂಧಿಸಿದ ವಿಷಯ. ಜೂನ್ ತಿಂಗಳಲ್ಲಿ ಎರಡು ಸುತ್ತು ಓಡಲಾರದೆ ಬೇವಿನ ಕೆಳಗೆ ಕುಳಿತ ಹುಡುಗಿಯು ಮಾರ್ಚಿನ ಹೊತ್ತಿಗೆ ಎಷ್ಟು ಸುತ್ತು ಓಡಿದಳೆಂಬುದು ಶಾಲೆಗೆ ಸಂಬಂಧಿಸಿದ ವಿಷಯ. ಅವಳು ಖೋಖೋ ಅಂಗಳದ ಸಾಲಿನಲ್ಲಿ ಕುಳಿತು, ಬೆನ್ನಿಗೆ ತಾಗಿದ ಕೈಗೆ ಚಿಮ್ಮಿ ಎದ್ದು ಓಡುವ ದಿನ ಆಳಂದ, ಅಫಜಲಪುರ, ಜೇವರ್ಗಿಗಳ ಯಾವ ಶಾಲೆಯಲ್ಲಿ ಬರುತ್ತದೆಯೋ ಆ ಶಾಲೆಯಲ್ಲಿ ಆಟದ ಅವಧಿಯು ಸಾರ್ಥಕವಾಯಿತೆಂದು ತಿಳಿಯಬೇಕು.